ಎಪ್ಪತ್ತೆಂಟು ಕೆಜಿಯ ತವರುಮನೆ

ಇಸವಿ ೨೩೧೪, ಹದಿಮೂರನೆಯ ತಿಂಗಳು, ಎರಡನೆಯ ಗುರುವಾರ
ಗದಗಿನ ಮೇಲಿನ ಆರನೆಯ ತೇಲುಕೇರಿ (ಸದ್ಯಕ್ಕೆ ಅದರ ಕೆಳಗೆ, ನೆಲದಲ್ಲಿ)

ಮುನ್ನೂರು ವರ್ಷ ಹಿಂದಿನ ಹಿರಿಯರಿಗೆ ಸಂಗವ್ವ ಬೆಣಕಲ್ಲ ಮಾಡುವ ಶರಣು ಶರಣಾರ್ಥಿ.

ಮೇಲಿನ ತಾರೀಖು ನೋಡಿ ಗಾಬರಿಯಾಗಬೇಡಿ. ನಿಮ್ಮ ಕಾಲದಲ್ಲಿ ತಿಂಗಳುಗಳು ಹನ್ನೆರಡೇ ಇದ್ದವೆಂದು ಓದಿದ್ದೇನೆ. ‘ನಾಳೆಯಿಂದ ಶುರು ಮಾಡುತ್ತೇನೆ’ ಎಂದು ಜನ ಮುಂದಕ್ಕೆ ಹಾಕಿದ ಕೆಲಸಗಳು ಬೆಟ್ಟದಷ್ಟಾದಾಗ, ನಮ್ಮ ಅಜ್ಜಂದಿರು ಪ್ರತಿ ತಿಂಗಳಿಂದ ಎರಡೆರಡು ದಿನ ಕಿತ್ತು ಹದಿಮೂರನೆಯದೊಂದನ್ನು ಹೊಲಿದರು. ಅದಕ್ಕೆ ‘ನಾಳೆ ತಿಂಗಳು’ ಎಂದು ಹೆಸರು. ಅದರಲ್ಲೂ ಯಾರೂ ಏನೂ ಮಾಡುವುದಿಲ್ಲ, ಆ ಮಾತು ಬೇರೆ. ನನ್ನ ಕೆಲವು ಪದಗಳು ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ. ವಯಸ್ಸಿನಲ್ಲಿ ನೀವು ನನಗಿಂತ ಚಿಕ್ಕವರಿರಬಹುದು, ನನಗೆ ಅರವತ್ತೆರಡು. ಆದರೂ ಹಿರಿಯರು ಹಿರಿಯರೇ.

ನೆಲವನ್ನು ಗಿಡಮರಗಳಿಗೆ ಬಿಟ್ಟುಕೊಟ್ಟು ನಾವು ಗಾಳಿಗೆ ಏರಿ ತೊಂಬತ್ತು ವರ್ಷವಾಯಿತು. ತೇಲುಕೇರಿ ಎಂದರೆ ಗಾಳಿಯಲ್ಲಿ ನಿಂತ ಓಣಿ: ನಮ್ಮದರಲ್ಲಿ ಏಳು ಮನೆ, ಹದಿನೇಳು ಜನ, ಅರವತ್ತು ಹೆಜ್ಜೆಯ ಒಂದು ಬೀದಿ. ಅದನ್ನು ಎತ್ತಿ ಹಿಡಿಯಲು ಇಕ್ಕೆಲಗಳಲ್ಲಿ ಉಬ್ಬುಚೀಲಗಳು, ಹಾರಿಹೋಗದಂತೆ ನೆಲದ ಕಂಬಕ್ಕೆ ಕಟ್ಟಿದ ಒಂದು ದಪ್ಪ ಹಗ್ಗ. ದಿನಸಿ ಬುಟ್ಟಿಯಲ್ಲಿ ಮೇಲೆ ಬರುತ್ತದೆ. ಬೀದಿಯ ತುದಿಯಲ್ಲಿ ಭಾರಮುಳ್ಳು ಇದೆ. ಅದು ಇಡೀ ಕೇರಿಯ ತೂಕವನ್ನು ಒಟ್ಟಿಗೆ ತೋರಿಸುತ್ತದೆ. ಮುಳ್ಳು ಕೆಂಪು ಗೆರೆ ದಾಟಿದರೆ ಕೇರಿ ಇಳಿದು ಬೇವಿನ ಮರಗಳ ತಲೆಯ ಮೇಲೆ ಕೂರುತ್ತದೆ. ಆ ಮುಳ್ಳು ನೋಡಿಕೊಳ್ಳುವ ಕೆಲಸ ನನ್ನದು. ನನ್ನನ್ನು ಮುಳ್ಳು ಸಂಗವ್ವ ಎಂದು ಕರೆಯುವುದು ಆ ಕೆಲಸದಿಂದ ಎಂದು ನಾನು ಹೇಳುತ್ತೇನೆ, ನನ್ನ ನಾಲಿಗೆಯಿಂದ ಎಂದು ಓಣಿಯವರು ಹೇಳುತ್ತಾರೆ.

ಒಬ್ಬೊಬ್ಬರನ್ನು ಬೇರೆ ಬೇರೆ ತೂಗುವುದು ನಮ್ಮಲ್ಲಿ ಅಸಭ್ಯ. ನಮ್ಮ ಶಾಲೆಯಲ್ಲಿ ನಿಮ್ಮ ಕಾಲದ ಒಂದು ಚಿತ್ರವಿದೆ: ಒಬ್ಬ ಹೆಣ್ಣುಮಗಳು ಬಚ್ಚಲಮನೆಯ ಬಾಗಿಲು ಹಾಕಿಕೊಂಡು, ಒಂದು ಸಣ್ಣ ಹಲಗೆಯ ಮೇಲೆ ಉಸಿರು ಬಿಗಿಹಿಡಿದು ನಿಂತಿದ್ದಾಳೆ. ಅದನ್ನು ನೋಡಿ ನಾವು ಚಿಕ್ಕವರಿದ್ದಾಗ ಅಯ್ಯೋ ಪಾಪ ಎನ್ನುತ್ತಿದ್ದೆವು. ನಾವು ಕೂಡಿ ತೂಗುವವರು, ನಮ್ಮಲ್ಲಿ ಯಾರೂ ಒಂಟಿಯಲ್ಲ ಎಂಬ ಜಂಬ ನಮಗಿತ್ತು. ಆ ಜಂಬ ಈ ವರ್ಷ ಇಳಿಯಿತು. ಅದನ್ನು ಹೇಳುವುದಕ್ಕೇ ಈ ಪತ್ರ.

ನಮ್ಮ ಕೇರಿಯ ಕಲ್ಲಪ್ಪ ಉಬ್ಬುಚೀಲಗಳಿಗೆ ತೇಪೆ ಹಾಕುವವನು. ಆಳು ಆನೆಯಂತೆ, ಮಾತು ಇರುವೆಯಂತೆ. ಅವನ ಹೆಂಡತಿ ತೀರಿಕೊಂಡಾಗ ಮಗಳು ಪಾರವ್ವನಿಗೆ ಆರು ವರ್ಷ. ಏಳೂ ಮನೆಯ ಒಲೆಗಳ ಮುಂದೆ ಕೂತು ಉಂಡು ಬೆಳೆದ ಹುಡುಗಿ ಅವಳು. ಮದುವೆಯಾಗಿ ಕೊಪ್ಪಳದ ಮೇಲಿನ ಕೇರಿಗೆ ಹೋದಳು. ಐದು ತಿಂಗಳ ಬಸುರಿಯಾದಾಗ, ಚೊಚ್ಚಲ ಹೆರಿಗೆಗೆ ತವರಿಗೇ ಬರುತ್ತೇನೆ, ಜಾಗವಿದೆಯೇ ಎಂದು ಕೇಳಿ ಕಳಿಸಿದಳು. ನಾನು ಹೋಗಿ ಮುಳ್ಳು ನೋಡಿದೆ. ಅದು ಗೆರೆಗೆ ತಾಗಿಕೊಂಡೇ ನಿಂತಿತ್ತು. ತುಂಬಿದ ಬಸುರಿ, ತೊಟ್ಟಿಲು, ಬಾಣಂತಿಯ ಸಾಮಾನು ಎಲ್ಲ ಸೇರಿ ಎಪ್ಪತ್ತೆಂಟು ಕೆಜಿ ಬೇಕು. ಜಾಗವಿಲ್ಲ ಎಂದು ಹೇಳಬೇಕಾದವಳು ನಾನು. ಆದರೆ ಪಕ್ಕದ ಮನೆಯ ಹುಸೇನಬಿ ನನ್ನ ಬಾಯಿ ತೆರೆಯಲು ಬಿಡಲಿಲ್ಲ. “ತವರಮನಿಯವ್ರು ಮುಳ್ಳು ನೋಡಿ ಮಗಳನ್ನ ಕರೀತಾರೇನ? ಬಾ ಅಂತ ಹೇಳ್ರಿ. ಎಪ್ಪತ್ತೆಂಟು ಕೆಜಿ ನಾವು ಇಳಸ್ತೀವಿ” ಎಂದಳು. ಹತ್ತು ಜನರ ಹುಲ್ಲುಕಡ್ಡಿ ಒಬ್ಬನ ತಲೆಹೊರೆ ಅಲ್ಲವೇ? ಓಣಿಯೆಲ್ಲ ಹೂಂ ಎಂದಿತು. ಕಲ್ಲಪ್ಪ ಮುಖ ಆಚೆ ತಿರುಗಿಸಿ ಮೂಗು ಒರೆಸಿಕೊಂಡ.

ತೂಕ ಇಳಿಸಬೇಕೆಂಬುದರಲ್ಲಿ ಎಲ್ಲರದೂ ಒಂದೇ ಮಾತು, ಹೇಗೆ ಎಂಬುದರಲ್ಲಿ ಮನೆಗೊಂದು ಮತ. ನೀಲವ್ವ ಅಕ್ಕಿಯನ್ನೂ ಜೋಳವನ್ನೂ ಬಿಟ್ಟಳು. ಅಡಿವೆಪ್ಪ ಮಾಸ್ತರರು ಎಣ್ಣೆ ಬಿಟ್ಟು, ಪ್ರತಿ ತುತ್ತನ್ನೂ ಮೂವತ್ತೆರಡು ಸಲ ಅಗಿಯುವ ವ್ರತ ಹಿಡಿದರು. ಬಾಯಲ್ಲಿ ಹಲ್ಲು ಹತ್ತೊಂಬತ್ತೇ ಇರುವುದರಿಂದ ಅವರ ಬೆಳಗಿನ ಊಟ ಮುಗಿಯುವ ಹೊತ್ತಿಗೆ ಸಂಜೆಯ ಊಟಕ್ಕೆ ತಟ್ಟೆ ಇಡಬೇಕಾಗುತ್ತಿತ್ತು. ಹುಸೇನಬಿ ದಿನಕ್ಕೆ ಹತ್ತು ಸಾವಿರ ಹೆಜ್ಜೆ ನಡೆಯಲು ಶುರು ಮಾಡಿದಳು. ಅರವತ್ತು ಹೆಜ್ಜೆಯ ಬೀದಿಯಲ್ಲಿ ಹತ್ತು ಸಾವಿರ! ಅವಳು ಪೂರ್ವಕ್ಕೆ ಹೋದರೆ ಕೇರಿ ಪೂರ್ವಕ್ಕೆ ವಾಲಿ, ಮಾಸ್ತರರ ಸಾರು ತಟ್ಟೆಯಿಂದ ಹೊರಗೆ ಹರಿಯುತ್ತಿತ್ತು. ಅದಕ್ಕೆ ಎದುರು ದಿಕ್ಕಿನಲ್ಲಿ ನೀಲವ್ವ ನಡೆಯಬೇಕಾಯಿತು. ನಾನು ಸಿಹಿ ಬಿಟ್ಟೆ. ತಿನ್ನುವುದನ್ನು ಬಿಟ್ಟೆನೇ ಹೊರತು ಮಾಡುವುದನ್ನಲ್ಲ, ಕೈ ಕೇಳಬೇಕಲ್ಲ. ಕಲ್ಲಪ್ಪ ಮಾತ್ರ, “ನಾನೂ ಒಂದೀಟು ಕಡಿಮಿ ಮಾಡ್ತೀನ್ರಿ ಅಕ್ಕಾರ” ಎಂದಷ್ಟೇ ಹೇಳಿದ.

ಎರಡು ತಿಂಗಳು ಕಳೆಯಿತು. ಮುಳ್ಳು ಇಳಿದದ್ದು ಎರಡು ಕೆಜಿ. ನಾನು ಮುಳ್ಳಿಗೆ ಎಣ್ಣೆ ಹಾಕಿದೆ, ಬೈದೆ, ಊದಿನಕಡ್ಡಿ ಹಚ್ಚಿ ಕೈಮುಗಿದೆ. ಅದು ಜಪ್ಪಯ್ಯ ಎನ್ನಲಿಲ್ಲ. ಓಣಿಯಲ್ಲಿ ಗುಸುಗುಸು ಎದ್ದಿತು. ಎಣ್ಣೆ ಬಿಟ್ಟರೆ ಏನೂ ಆಗುವುದಿಲ್ಲ ಎಂದು ನೀಲವ್ವ, ನಡೆದವರಿಗೆ ಹಸಿವು ಹೆಚ್ಚು ಎಂದು ಮಾಸ್ತರರು. ಹುಸೇನಬಿ ಇಬ್ಬರ ಮೇಲೂ ಸಿಟ್ಟಾಗಿ ಇನ್ನಷ್ಟು ಜೋರಾಗಿ ನಡೆದಳು. ನನ್ನ ಅನುಮಾನ ಕಲ್ಲಪ್ಪನ ಮೇಲೆ. ಮೂರು ಅಂಗಿ, ಮೇಲೊಂದು ದಪ್ಪ ಕೋಟು ಹಾಕಿಕೊಂಡು ಮೊದಲಿಗಿಂತ ಗುಂಡಗೆ ಕಾಣುತ್ತಿದ್ದ. ಕೇಳಿದರೆ ಥಂಡಿ ಎನ್ನುತ್ತಿದ್ದ. ಮಗಳು ಯಾರದೋ, ಉಪವಾಸ ಯಾರದೋ ಎಂದು ನಾನು ಅವನಿಗೆ ಕೇಳಿಸುವಂತೆಯೇ ಅಂದೆ. ಆ ಮಾತಿಗೆ ಇವತ್ತಿಗೂ ನನ್ನನ್ನು ನಾನೇ ಬೈದುಕೊಳ್ಳುತ್ತೇನೆ.

ಒಂದು ಬುಧವಾರ ನೀಲವ್ವ ನನ್ನ ಡಬ್ಬಿ ತಿರುಗಿ ಕೊಟ್ಟಳು. ಮುಚ್ಚಳ ತೆಗೆದರೆ ಒಳಗೆ ಎರಡು ಶೇಂಗಾ ಹೋಳಿಗೆ. ನನ್ನ ಬಲಗೈ ಹೆಬ್ಬೆರಳು ಹಿಂದೊಮ್ಮೆ ಬುಟ್ಟಿಯ ಗಾಲಿಗೆ ಸಿಕ್ಕಿ ಡೊಂಕಾಗಿದೆ. ನಾನು ಮಾಡಿದ ಹೋಳಿಗೆಯ ಅಂಚಿನಲ್ಲಿ ಆ ಡೊಂಕು ಬಿದ್ದಿರುತ್ತದೆ. ಇವು ನಾನು ಸೋಮವಾರ ಕಲ್ಲಪ್ಪನಿಗೆ ಕೊಟ್ಟ ಹೋಳಿಗೆಗಳೇ. ನೀಲವ್ವನನ್ನು ಕೇಳಿದೆ, ಮಾಸ್ತರರ ಮನೆಯಿಂದ ಬಂದವು ಎಂದಳು. ಮಾಸ್ತರರು ಬಾಯಲ್ಲಿದ್ದ ತುತ್ತಿನ ಎಣಿಕೆ ಮುಗಿಸಿ, ಕಲ್ಲಪ್ಪ ಕೊಟ್ಟ ಎಂದರು. ಆಗ ಎಲ್ಲ ತಿಳಿಯಿತು. ಇಸ್ಕೊಂಡ ಪಾತ್ರೆಯನ್ನು ಬರಿದಾಗಿ ತಿರುಗಿ ಕೊಡಬಾರದು ಎಂಬ ಪದ್ಧತಿ ನಿಮ್ಮಿಂದಲೇ ಬಂದದ್ದು. ನೀಲವ್ವ ಬಿಟ್ಟ ಅನ್ನ ಹುಸೇನಬಿಗೆ ಹೋಗಿತ್ತು, ಮಾಸ್ತರರು ಬಿಟ್ಟ ಬದನೆಕಾಯಿ ಎಣ್ಣೆಗಾಯಿ ನೀಲವ್ವನಿಗೆ, ಹುಸೇನಬಿಯ ಬಿರ್ಯಾನಿ ನನಗೆ, ನನ್ನ ಸಿಹಿ ಎಲ್ಲರಿಗೆ. ಒಬ್ಬರ ಪಥ್ಯ ಇನ್ನೊಬ್ಬರ ಹಬ್ಬ. ಕೇರಿಗೆ ಏರಿದ ಒಂದು ಅಗುಳೂ ಕೇರಿಯಿಂದ ಇಳಿದಿರಲಿಲ್ಲ. ಎಲ್ಲವನ್ನೂ ತಿಂದವರು ನನ್ನ ಹೋಳಿಗೆಯನ್ನು ಮಾತ್ರ ದಾಟಿಸಿದ್ದು ಏಕೆಂದು ನಾನು ಇನ್ನೂ ಕೇಳಿಲ್ಲ, ಕೇಳುತ್ತೇನೆ.

ಮೊದಲು ನಕ್ಕೆ. ಆಮೇಲೆ ನಗು ನಿಂತಿತು. ಒಂಟಿ ಗಂಡಸು ಎಂದು ಉಳಿದ ಆರೂ ಮನೆಯವರು ಕಲ್ಲಪ್ಪನಿಗೆ ಡಬ್ಬಿ ಕೊಡುತ್ತಿದ್ದೆವು. ಅವನು ಒಲೆ ಹಚ್ಚುವವನಲ್ಲ. ಹಾಗಾದರೆ ಅವನು ತಿರುಗಿ ಕೊಡುತ್ತಿದ್ದ ಡಬ್ಬಿಗಳಲ್ಲಿ ಇದ್ದದ್ದು ಯಾರ ಅಡುಗೆ? ಇವರ ಡಬ್ಬಿಯದನ್ನು ಅವರಿಗೆ, ಅವರದನ್ನು ಇವರಿಗೆ ತುಂಬಿಸಿ ಕೊಟ್ಟು, ತಾನು ಏನು ಉಂಡ? ಓಡಿಹೋಗಿ ಅವನ ಕೋಟು ಹಿಡಿದೆ. ಕೋಟಿನೊಳಗೆ ಅಂಗಿ, ಅಂಗಿಯೊಳಗೆ ಅಂಗಿ, ಅದರೊಳಗೆ ನಮ್ಮ ಕಲ್ಲಪ್ಪ ಅರ್ಧ ಉಳಿದಿದ್ದ. ಮುಳ್ಳಿಗೆ ಪಳಗಿದ ನನ್ನ ಕಣ್ಣಳತೆಯಲ್ಲಿ ಅವನೊಬ್ಬನೇ ಹತ್ತೊಂಬತ್ತು ಕೆಜಿ ಇಳಿದಿದ್ದ, ಎಂದರೆ ಉಳಿದ ಓಣಿ ಹದಿನೇಳು ಏರಿತ್ತು. “ಗಂಜಿ ಕುಡೀತೀನ್ರಿ ಅಕ್ಕಾರ. ನನ್ನ ಮಗಳ ಸಲುವಾಗಿ ನೀವೆಲ್ಲ ಬಾಯಿ ಕಟ್ಟೀರಿ. ನಾ ಹೆಂಗ ಉಣ್ಣಲಿ?” ಎಂದ. ನಾವು ಬಾಯಿ ಕಟ್ಟಿದ್ದು ಅಷ್ಟರಲ್ಲೇ ಇತ್ತು! ನಾಚಿಕೆಯಿಂದ ನನಗೆ ಅಳು ಬಂತು. ಅವನನ್ನು ಬೈಯುತ್ತಲೇ ಅತ್ತೆ, ಅದು ನನ್ನ ರೂಢಿ.

ಅಂದಿನಿಂದ ನಮ್ಮಲ್ಲಿ ಎದುರೂಟ ಬಂತು. ಎಂದರೆ, ಅವರವರ ಪಥ್ಯ ಅವರವರದೇ, ಆದರೆ ಉಣ್ಣುವಾಗ ಬೇರೆ ಪಥ್ಯದವರೊಬ್ಬರ ಎದುರು ಕೂರಬೇಕು. ಎದುರಿನವರು ಹೆಚ್ಚು ತಿನ್ನದಂತೆಯೂ ಕಡಿಮೆ ತಿನ್ನದಂತೆಯೂ ನೋಡಬೇಕು, ಅವರ ಪಥ್ಯವನ್ನು ಹಳಿಯಬಾರದು. ಮೂರನೆಯದೇ ಕಷ್ಟ. ನೀಲವ್ವನ ಪಾಲಿಗೆ ಮಾಸ್ತರರು ಬಂದರು. ಅವರು ಅಗಿದು ಮುಗಿಸುವಷ್ಟರಲ್ಲಿ ಅವಳು ಒಂದು ಕೌದಿ ಹೊಲಿದು ಮುಗಿಸಿದಳು, ಆದರೂ ತುಟಿ ಎರಡು ಮಾಡಲಿಲ್ಲ. ವಾಲುವ ಬೀದಿಯನ್ನು ಸರಿತೂಗಿಸಲು ಓಣಿಯೆಲ್ಲ ಹುಸೇನಬಿಯ ಎದುರು ನಡೆಯಿತು. ಉಳಿದ ಅಡುಗೆ ಬುಟ್ಟಿಯಲ್ಲಿ ಕೆಳಗಿನ ಮರಗಾವಲಿನವರಿಗೆ ಹೋಯಿತು. ಅವರು ಈಗ ಮರ ಹತ್ತಲು ಏದುಸಿರು ಬಿಡುತ್ತಾರೆ. ಕಲ್ಲಪ್ಪನ ಎದುರು ನಾನು ಕೂತೆ. ಅವನು ಎರಡು ರೊಟ್ಟಿ ಮುಗಿಸದೆ ನಾನು ನೀರೂ ಮುಟ್ಟುತ್ತಿರಲಿಲ್ಲ. ಅವನು ಏರಿದ, ಓಣಿ ಇಳಿಯಿತು.

ಪಾರವ್ವ ಒಂಬತ್ತಕ್ಕೆ ಬಿದ್ದು ಗಾಳಿದೋಣಿಯಲ್ಲಿ ಬಂದ ದಿನ ನಾವು ಅರವತ್ತನಾಲ್ಕು ಕೆಜಿ ಇಳಿದಿದ್ದೆವು. ಇನ್ನೂ ಹದಿನಾಲ್ಕು ಕಡಿಮೆ. ದೋಣಿಯವನು ಕಟ್ಟಲು ಒಪ್ಪಲಿಲ್ಲ. ಅವಳು ದೋಣಿಯ ಅಂಚು ಹಿಡಿದು ನಮ್ಮನ್ನೇ ನೋಡುತ್ತಿದ್ದಳು. ಕಲ್ಲಪ್ಪ ನೆಲಕ್ಕೆ ಇಳಿಯಲು ಸದ್ದಿಲ್ಲದೆ ಬುಟ್ಟಿಯೊಳಗೆ ಒಂದು ಕಾಲಿಟ್ಟಿದ್ದ. ಹುಸೇನಬಿ ಅವನ ಧೋತರ ಹಿಡಿದು ಹಿಂದಕ್ಕೆ ಜಗ್ಗಿದಳು. “ಅಪ್ಪ ಇಲ್ಲದ ತವರಿಗೆ ಆಕಿ ಯಾಕ ಬರಬೇಕೋ? ಸರಿ ಆ ಕಡೆ!” ಎಂದು ತಾನೇ ಹತ್ತಿ ಕೂತಳು. ನಮಗೆ ವರ್ಷಕ್ಕೆ ಹನ್ನೆರಡು ದಿನ ಮಾತ್ರ ನೆಲದಲ್ಲಿರಲು ಅಪ್ಪಣೆ. ಮದುವೆಗೆ, ಮಣ್ಣಿಗೆ ಎಂದು ಕೂಡಿಟ್ಟುಕೊಳ್ಳುವ ದಿನಗಳು ಅವು, ಅವನ್ನು ಮುಟ್ಟುವ ಮಾತನ್ನು ಅದುವರೆಗೆ ಯಾರೂ ಎತ್ತಿರಲಿಲ್ಲ. ಹುಸೇನಬಿಗೆ ಮಾತ್ರ ಪುಣ್ಯ ಬರುವುದು ನೀಲವ್ವನಿಗೆ ಸರಿ ಕಾಣಲಿಲ್ಲ, ಅವಳೂ ಹತ್ತಿದಳು. ನೀಲವ್ವ ಹೋದಮೇಲೆ ಮಾಸ್ತರರ ಎದುರು ಕೂರುವವರು ಯಾರು? ಅವರೂ ಹತ್ತಿದರು. ಹೀಗೆ ಬುಟ್ಟಿ ಐದು ಸಲ ಇಳಿಯಿತು. ಕೊನೆಗೆ ಮೇಲೆ ಉಳಿದವರು ಕಲ್ಲಪ್ಪ ಮತ್ತು ನಮ್ಮ ಕೇರಿಯ ಸೂಲಗಿತ್ತಿ. ಕೇರಿ ಎಳೆಗರುವಿನಂತೆ ಮೇಲಕ್ಕೆ ನೆಗೆಯಿತು. ಪಾರವ್ವ ತವರಿನ ಹೊಸ್ತಿಲು ತುಳಿದದ್ದನ್ನು ನಾವು ಹದಿನೈದು ಜನ ಕತ್ತು ನೋಯಿಸಿಕೊಂಡು ಕೆಳಗಿನಿಂದ ನೋಡಿದೆವು.

ಒಬ್ಬೊಬ್ಬರೇ ಸರದಿಯಲ್ಲಿ ಇಳಿದಿದ್ದರೆ ಆರು ತಿಂಗಳು ನಡೆಯುತ್ತಿತ್ತು ಎಂದು ಮಾಸ್ತರರು ಲೆಕ್ಕ ಹೇಳಿದ್ದು ಮರುದಿನ. ಎಲ್ಲರೂ ಒಟ್ಟಿಗೆ ಇಳಿದು ಹನ್ನೆರಡೇ ದಿನದಲ್ಲಿ ಎಲ್ಲರ ನೆಲದ ದಿನಗಳನ್ನೂ ಮುಗಿಸುವವರಿದ್ದೇವೆ. ಅಷ್ಟರೊಳಗೆ ಆ ಹದಿನಾಲ್ಕು ಕೆಜಿ ಇಳಿಸಿ ಮೇಲೆ ಹೋಗಬೇಕು. ಇಂದಿಗೆ ಒಂಬತ್ತನೆಯ ದಿನ, ನನ್ನ ಕಣ್ಣಳತೆಗೆ ಮೂರು ಕೆಜಿ ಬಾಕಿ. ಬೇವಿನ ಮರದ ಕೆಳಗೆ ಎದುರೂಟ ನಡೆದಿದೆ. ದಿನಾ ಮಧ್ಯಾಹ್ನ ಪಾರವ್ವ ಮೇಲಿನಿಂದ ಕೂಗಿ ಹೇಳುತ್ತಾಳೆ: “ಅಪ್ಪ ಎರಡು ರೊಟ್ಟಿ ಉಂಡಾನ್ರೋ!” ಆಮೇಲೆಯೇ ನಾವು ತಟ್ಟೆಗೆ ಕೈ ಹಾಕುವುದು.

ಇವತ್ತು ಮಧ್ಯಾಹ್ನ ಕಳೆದರೂ ಕೂಗು ಬರಲಿಲ್ಲ. ಬಡಿಸಿದ ತಟ್ಟೆಗಳ ಮುಂದೆ ಹದಿನೈದು ಜನ ಕೂತಿದ್ದೇವೆ. ಹುಸೇನಬಿ ನಡೆಯುವುದನ್ನೂ ನಿಲ್ಲಿಸಿದ್ದಾಳೆ. ಆ ಕೂಗಿಗೆ ಕಾಯುತ್ತಲೇ ನಾನು ಈ ಪತ್ರ ಬರೆಯುತ್ತಿದ್ದೇನೆ. ಹಿರಿಯರೇ, ನಿಮ್ಮಲ್ಲಿ ಒಂದು ಬೇಡಿಕೆ. ನಿಮ್ಮ ಮನೆಯಲ್ಲಿ, ಓಣಿಯಲ್ಲಿ ಯಾರಾದರೂ ಬೇಗ ಬೇಗ ತೆಳ್ಳಗಾಗುತ್ತಿದ್ದರೆ, ಭಲೇ ಎನ್ನುವ ಮೊದಲು ಅವರ ಎದುರು ಒಂದು ದಿನ ಊಟಕ್ಕೆ ಕೂರಿ. ಅವರ ಪಥ್ಯ ನಿಮಗೆ ಹಿಡಿಸದಿದ್ದರೂ

ಕೂಗು ಬಂತು. ಸೂಲಗಿತ್ತಿಯ ದನಿ. ಹೆಣ್ಣು ಕೂಸು, ಮೂರು ಕೆಜಿ ಇನ್ನೂರು ಗ್ರಾಂ, ತಾಯಿ ಚೆನ್ನಾಗಿದ್ದಾಳೆ. ಹುಸೇನಬಿ ನೀಲವ್ವನನ್ನು ಅಪ್ಪಿಕೊಂಡು ಕುಣಿಯುತ್ತಿದ್ದಾಳೆ. ಮಾಸ್ತರರು ಅಗಿಯದೆ ಏನೋ ನುಂಗಿಬಿಟ್ಟರು. ನಾನು ಎದ್ದುನಿಂತು, “ಕಲ್ಲಪ್ಪ ಉಂಡಾನೇನ?” ಎಂದು ಕೂಗಿದೆ. ಮೇಲಿನಿಂದ ಉತ್ತರ ಬಂತು: “ಉಣ್ಣಾಕತ್ತಾನ್ರೀ, ಕೂಸಿನ ಮಾರಿ ನೋಡ್ಕೋತ ಉಣ್ಣಾಕತ್ತಾನ! ಆರು ರೊಟ್ಟಿ ಆದವು, ಇನ್ನೂ ಕೈ ತೊಳದಿಲ್ಲ!”

ಇನ್ನು ನಾವು ಉಣ್ಣುತ್ತೇವೆ. ನೀವೂ ಯಾರಾದರೊಬ್ಬರ ಎದುರು ಕೂತು ಉಣ್ಣಿರಿ. ಶರಣು.