ಶನಿವಾರದ ಸುಳ್ಳುಗಾರ

ಜನವರಿ ೧೭, ಶನಿವಾರ. ಹೊರಗೆ ಮೈನಸ್ ಇಪ್ಪತ್ತಾರು.

ನಾಲ್ಕನೇ ಪೆಟ್ಟಿಗೆಯದೇ ತಲೆನೋವು. ಗಾಳಿಯಲ್ಲಿನ ಹೊಗೆ ಅಳೆಯಲು ಸರೋವರದ ಸುತ್ತ ನಾನಿಟ್ಟ ಆರು ಪೆಟ್ಟಿಗೆಗಳು ತಮ್ಮ ಅಳತೆ ಹೋಲಿಸಿ, ಒಂದನ್ನೊಂದು ವಿಚಾರಿಸಿಕೊಂಡೇ ತೀರ್ಮಾನಕ್ಕೆ ಬರುತ್ತವೆ. ಈ ನಾಲ್ಕನೆಯದು ಮಾತ್ರ ಒಂದು ತಿಂಗಳಿಂದ ಪ್ರತಿ ಶನಿವಾರ ಸಂಜೆ ‘ಹೊಗೆ, ಹೊಗೆ’ ಎಂದು ಬೊಬ್ಬೆ ಹಾಕುತ್ತಿತ್ತು. ಉಳಿದ ಐದೂ ಸೇರಿ ಅದನ್ನು ಸುಳ್ಳುಗಾರನೆಂದವು. ನಾನೂ ನಂಬಿದೆ. ಇವತ್ತು ಕಿತ್ತುಹಾಕಲೆಂದೇ ಸ್ಕ್ರೂಡ್ರೈವರ್ ಹಿಡಿದು ಹೋದೆ.

ಅದನ್ನು ಬಿಗಿದಿದ್ದ ಕಂಬ ಬರಿದಾಗಿತ್ತು. ಪೆಟ್ಟಿಗೆ ಇದ್ದದ್ದು ಪಕ್ಕದ ಮನೆಯ ಹಿತ್ತಲಿನ ಸೌನಾದ ಸೂರಿನಡಿ, ಹೊಗೆಕೊಳವೆಯ ಪಕ್ಕದಲ್ಲಿ. ಶನಿವಾರವೆಂದರೆ ಸೌನಾದ ಒಲೆ ಹೊತ್ತಿಸಿ ಹಬೆಯಲ್ಲಿ ಬೆವರುವ ದಿನ. ಫಿನ್ಲೆಂಡಿನಲ್ಲೇ ಹುಟ್ಟಿ ಬೆಳೆದ ನನಗೆ ಅದು ಹೊಳೆಯಲೇ ಇಲ್ಲವಲ್ಲ!

“ಪಾಪ ಕಣೇ, ಆ ಚಳೀಲಿ ಒಂಟಿಯಾಗಿ ನಿಂತಿತ್ತು,” ಎಂದಳು ಆ ಮನೆಯೊಡತಿ ಸೈಮಿ ಅಜ್ಜಿ. “ಬೆಚ್ಚಗಿರ್ಲಿ ಅಂತ ಇಲ್ಲಿ ತಂದು ನೇತುಹಾಕ್ದೆ. ತಪ್ಪಾಯ್ತಾ?”

“ಇಲ್ಲಿದ್ರೆ ಸೌನಾದ ಹೊಗೇನೇ ಅಳೆಯುತ್ತೆ ಅಜ್ಜಿ,” ಎಂದೆ. ಪೆಟ್ಟಿಗೆಯನ್ನು ಮತ್ತೆ ಕಂಬಕ್ಕೇ ಬಿಗಿದೆ.

“ಹಂಗಾದ್ರೆ ಅದಕ್ಕೊಂದು ಉಣ್ಣೆ ಕುಲಾವಿ ಹೆಣೀಲೇನೇ?”

“ಗಾಳಿ ಹೋಗೋ ತೂತು ಮುಚ್ಬೇಡ ಅಜ್ಜಿ, ಅಷ್ಟೇ.”

ನಾಲ್ಕನೇ ಪೆಟ್ಟಿಗೆ ಹೇಳಿದ್ದು ನಿಜವೇ ಆಗಿತ್ತು. ಉಳಿದ ಐದರ ಮಾತಿಗೆ ತಲೆಯಾಡಿಸಿದವಳು ನಾನು. ಈಗ ಮಲಗೋಣವೆಂದರೆ ಹಿಮದಲ್ಲಿ ನಿಂತಿರುವ ಆ ಐದೂ ಕಣ್ಣಮುಂದೆ ಬರುತ್ತಿವೆ. ಅಜ್ಜಿಯ ಹತ್ತಿರ ಇನ್ನೂ ಐದು ಕುಲಾವಿಗಾಗುವಷ್ಟು ಉಣ್ಣೆ ಇದೆಯೋ, ನಾಳೆ ಕೇಳಬೇಕು.