ಕೂದಲಿನ ಮಾಲೆಯಲ್ಲಿ ಖಾಲಿ ಜಾಗ

ಸಿಗ್ರಿಡ್ ಅಕ್ಕನಿಗೆ,

ಅಜ್ಜಿ ಹುಟ್ಟಿದ ಮರದ ದಿಮ್ಮಿಗಳ ಮನೆ ಈಗ ಊರಿನ ಮ್ಯೂಸಿಯಂ. ಅಲ್ಲಿ ಗಾಜಿನ ಪೆಟ್ಟಿಗೆಯೊಳಗೆ ನಮ್ಮ ವಂಶದವರ ಕೂದಲಿನಿಂದಲೇ ಹೆಣೆದ ಹೂಮಾಲೆ ಇದೆ, ಒಬ್ಬೊಬ್ಬರಿಗೆ ಒಂದೊಂದು ಹೂವು. ನಡುವೆ ಒಂದು ಜಾಗ ಖಾಲಿ. ಯಾರಿಗೆಂದು ಕೆಮ್ಮುತ್ತಲೇ ಕೇಳಿದೆ.

“ಸತ್ತೋರ ಕೂದ್ಲೇ ಹೆಣೆಯೋದು ಕಣಮ್ಮ. ಜಾಗ ಮಾತ್ರ ಮೊದ್ಲೇ ಬಿಟ್ಟಿರ್ತೀವಿ,” ಎಂದಳು ಮ್ಯೂಸಿಯಂ ನೋಡಿಕೊಳ್ಳುವ ಮುದುಕಿ ಥೋರಾ. “ಈ ಕೆಮ್ಮು ಎಷ್ಟು ದಿನದಿಂದ?”

ಆಮೇಲೆ ನನ್ನ ಬೆನ್ನ ಹಿಂದೆ ಬಂದು ಕಿವಿಯ ಬಳಿ ಕೈಯಾಡಿಸಿದಳು. “ಜೇಡ ಇತ್ತು, ತೆಗೆದೆ,” ಎಂದಳು.

ಕೆಮ್ಮು ಇನ್ನೂ ನಿಂತಿಲ್ಲ, ಔಷಧಿ ಕಳಿಸು.

ಅವಸರದಲ್ಲಿ,
ರಾಗ್ನಾ

ಕಾಗದದ ಅಂಚಿನಲ್ಲಿ ಬರೆಯುತ್ತಿದ್ದೇನೆ: ಈಗ ತಲೆ ಬಾಚಿಕೊಂಡೆ. ಎಡಗಿವಿಯ ಹಿಂದೆ ಬೆರಳಿನಷ್ಟು ದಪ್ಪದ ಕೂದಲನ್ನು ಬುಡದಲ್ಲೇ ಕತ್ತರಿಸಿದ್ದಾರೆ. ಔಷಧಿ ಬೇಡ, ನೀನೇ ಬಾ.