ಆರನೆಯ ಚೌಕದವಳ ಹೆಸರು

ನರಗುಂದ, ಗುಡ್ಡದ ಬುಡದ ಕಾಲೇಜು
ಬಿಸಿಲ್ದಿಂಗಳ ಮೂವತ್ತೆರಡು, ೨೧೬೮

ಮಾನ್ಯ ಶರಣಪ್ಪ ಹುಡೇದ ಸರ್ ಅವರಿಗೆ ದಾನಮ್ಮ ಚಲವಾದಿ ಮಾಡುವ ನಮಸ್ಕಾರಗಳು.

ಮೇಲಿನ ತಾರೀಖು ನೋಡಿ ನೀವು ಕನ್ನಡಕ ಒರೆಸಿಕೊಳ್ಳುವುದು ಬೇಡ, ನಾನು ತಪ್ಪು ಬರೆದಿಲ್ಲ. ನಿಮ್ಮ ಕ್ಯಾಲೆಂಡರಿನಲ್ಲಿ ಹನ್ನೆರಡು ತಿಂಗಳಿದ್ದರೆ ನಮ್ಮದರಲ್ಲಿ ಹದಿಮೂರು. ಏಪ್ರಿಲಿನಿಂದಲೂ ಮೇಯಿಂದಲೂ ದಿನ ಕಿತ್ತು ಮಾಡಿದ ಮೂವತ್ತೆರಡು ದಿನಗಳ ತಿಂಗಳು ಬಿಸಿಲ್ದಿಂಗಳು. ಆಗ ಶಾಲೆ, ಕಚೇರಿ ಎಲ್ಲ ಬಂದ್. ಮದುವೆ ಇಟ್ಟುಕೊಳ್ಳುವುದಿಲ್ಲ, ಜಗಳಗಳನ್ನು ಕೂಡ ಸಾಧ್ಯವಾದಷ್ಟು ಮುಂದಕ್ಕೆ ಹಾಕುತ್ತೇವೆ. ನನ್ನ ಮಾತುಗಳು ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಕನ್ನಡವನ್ನು ನಾನು ಹಳೆಯ ಪತ್ರಿಕೆಗಳಿಂದಲೂ ನಿಮ್ಮದೇ ಒಂದು ನೋಟ್‌ಬುಕ್ಕಿನಿಂದಲೂ ಕಲಿತೆ. ನಿಮ್ಮ ಅಕ್ಷರ ಅಷ್ಟೇನೂ ಚೆನ್ನಾಗಿಲ್ಲ, ಹಾಗಾಗಿ ತಪ್ಪುಗಳಲ್ಲಿ ಅರ್ಧ ಪಾಲು ನಿಮ್ಮದು.

ಇದು ಹಿಂದೋಲೆ. ಕೆಲಸದಿಂದ ನಿವೃತ್ತರಾಗುವವರು, ತಮಗೆ ಉಪಕಾರವಾದ ಹಿಂದಿನ ಕಾಲದ ಯಾರಾದರೊಬ್ಬರಿಗೆ ಒಂದು ಓಲೆ ಬರೆದು ಗ್ರಂಥಾಲಯದ ಪೆಟ್ಟಿಗೆಗೆ ಹಾಕುವುದು ನಮ್ಮ ರೂಢಿ. ಅವರ ಬದುಕಿನ ಯಾವುದಾದರೂ ಒಂದು ದಿನವನ್ನು ಆರಿಸಿಕೊಂಡು ಆ ದಿನಕ್ಕೆ ಬರೆಯಬೇಕು. ತಲುಪುತ್ತದೆಂದು ಯಾರೂ ನಂಬಿಲ್ಲ, ಆದರೂ ವಿಳಾಸ ಮಾತ್ರ ಸರಿಯಾಗಿ ಬರೆಯುತ್ತೇವೆ. ನಾನು ಆರಿಸಿದ್ದು ೨೦೨೬ರ ಫೆಬ್ರುವರಿ ಹತ್ತೊಂಬತ್ತನೆಯ ಸಂಜೆ. ಈ ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕರಾದ ನೀವು ಅಂದು ಆಟದ ಕೋಣೆಯಲ್ಲಿ ಕುಳಿತು ಹೀಗೆ ಬರೆದಿರಿ: 'ಹಿಮ್ಮಡಿ ಆಟ ಇಂದಿಗೆ ಬಂದ್. ಮೂರು ಪಂದ್ಯ ಆಡಿಸಿದೆ, ಮೂರರಲ್ಲೂ ಸೋಲು. ಆರನೆಯವಳು ಏಳುವುದು ತಡ, ಎರಡನೆಯವಳು ತಡ. ಇವರ ಕೈಯಲ್ಲಿ ಆಗದು. ನಾಳೆಯಿಂದ ಮತ್ತೆ ಬರೀ ಓಟ.' ನಾನು ಈ ಸಾಲನ್ನು ಎಷ್ಟು ಸಲ ಓದಿದ್ದೇನೋ ಲೆಕ್ಕವಿಲ್ಲ. ಓದಿದಾಗಲೆಲ್ಲ ನಿಮ್ಮ ಮೇಲೆ ಸಿಟ್ಟು ಬರುತ್ತದೆ, ಹಿಂದೆಯೇ ಕನಿಕರವೂ.

ನಾನೂ ನಿಮ್ಮದೇ ಕೆಲಸದವಳು, ಇದೇ ಅಂಗಳದಲ್ಲಿ ಮೂವತ್ತೊಂದು ವರ್ಷ ಹುಡುಗಿಯರಿಗೆ ಖೋ ಖೋ ಕಲಿಸಿದವಳು. ಎರೆಮಣ್ಣು ಈಗಲೂ ಎರೆಮಣ್ಣೇ. ಹಸಿಯಾದರೆ ಪಾದಕ್ಕೆ ಸೇರುಗಟ್ಟಲೆ ಅಂಟುತ್ತದೆ, ಒಣಗಿದರೆ ಬಿರುಕಿನಲ್ಲಿ ಹೆಬ್ಬೆರಳು ಸಿಕ್ಕುತ್ತದೆ. ಮೇಲೆ ಮಾತ್ರ ನೆರಳುಬಟ್ಟೆ ಬಂದಿದೆ, ಅಂಗಳದಗಲಕ್ಕೂ ಕಟ್ಟಿದ ಬಿಳಿ ಚಪ್ಪರ ಅದು. ಬೆಳಗಿನ ಐದರಿಂದ ಏಳರವರೆಗೆ ಅಭ್ಯಾಸ, ಆಮೇಲೆ ಬಿಸಿಲು ಯಾರ ಮಾತೂ ಕೇಳುವುದಿಲ್ಲ. ಅಭ್ಯಾಸ ಮುಗಿದ ಮೇಲೆ ಹುಡುಗಿಯರು ರಾಗಿ ಗಂಜಿ ಕುಡಿದು, ಒದ್ದೆ ಟವೆಲನ್ನು ತಲೆಗೆ ಸುತ್ತಿಕೊಂಡು ಪಾಠಕ್ಕೆ ಹೋಗುತ್ತಾರೆ. ತರಗತಿಗಳೆಲ್ಲ ನೆಲದಡಿಗೆ ಹೋಗಿ ಐವತ್ತು ವರ್ಷವಾಯಿತು. ನಮ್ಮ ಕಾಲೇಜಿನಲ್ಲಿ ಚಪ್ಪರದ ಅಂಚಿನಿಂದಾದರೂ ಆಕಾಶ ಕಾಣುವ ಜಾಗವೆಂದರೆ ಈ ಅಂಗಳವೊಂದೇ.

ನಮ್ಮ ಕಾಲದ ಇನ್ನೊಂದು ಸಂಗತಿ ಹೇಳದಿದ್ದರೆ ಮುಂದಿನದು ಅರ್ಥವಾಗದು. ಮಗುವಿಗೆ ಏಳು ತುಂಬಿದಾಗ ಕಾಲಿಗೊಂದು ಪಟ್ಟಿ ಕಟ್ಟಿ ವಾರವಿಡೀ ಓಡಾಡಲು ಬಿಡುತ್ತಾರೆ, ಕೊನೆಗೆ ಅದರಿಂದ ಒಂದು ಅಂಕೆ ಬರುತ್ತದೆ. ಅದಕ್ಕೆ ವೇಗಾಂಕ ಎನ್ನುತ್ತಾರೆ. ಅಂಕೆ ಎಪ್ಪತ್ತು ದಾಟಿದವರನ್ನು ಕರಾವಳಿಯ ತಂಪುಮನೆಗಳೆಂಬ ಆಟದ ಶಾಲೆಗಳು ಕರೆದೊಯ್ಯುತ್ತವೆ. ಅಲ್ಲಿ ಯಂತ್ರದ ಗಾಳಿ, ಮೆತ್ತನೆಯ ನೆಲ, ದಿನಕ್ಕೆ ಎರಡು ಮೊಟ್ಟೆ. ಮಿಕ್ಕವರು ನಮ್ಮ ಪಾಲಿಗೆ. ನಾನು ಮುಂದೆ ಹೇಳುವ ತಂಡದಲ್ಲಿ ಅತಿ ಹೆಚ್ಚಿನ ಅಂಕೆ ನಲವತ್ತೆಂಟು, ಅತಿ ಕಡಿಮೆ ಇಪ್ಪತ್ತೊಂಬತ್ತು. ಆ ಇಪ್ಪತ್ತೊಂಬತ್ತರವಳು ಫಕೀರವ್ವ, ತನ್ನನ್ನು ತಾನೇ ತರಕಾರಿ ಗಾಡಿ ಎಂದು ಕರೆದುಕೊಂಡು ನಗುತ್ತಿದ್ದಳು. ಅಂಗಳದಲ್ಲಿ ಒಬ್ಬರನ್ನೊಬ್ಬರು ಅಂಕೆಯಿಂದಲೇ ಕರೆಯುವುದು ರೂಢಿಯಾಗಿತ್ತು. ನಾನೂ ಹಾಗೆಯೇ ಕರೆಯುತ್ತಿದ್ದೆ, ಅದನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ.

ಐದು ವರ್ಷದಲ್ಲಿ ಒಂದೂ ಪಂದ್ಯ ಗೆಲ್ಲದ ಕಾಲೇಜಿನ ಅಂಗಳವನ್ನು ಊರಿಗೆ ಬಿಟ್ಟುಕೊಡಬೇಕೆಂಬುದು ನಿಯಮ. ಹದಿನಾಲ್ಕು ವರ್ಷದ ಹಿಂದೆ ನಾವು ಸತತ ಮೂವತ್ತೆಂಟು ಪಂದ್ಯ ಸೋತು ಕುಳಿತಿದ್ದೆವು, ಗಡುವಿನೊಳಗೆ ಉಳಿದಿದ್ದವು ಮೂರೇ ಮೂರು. ಅಂಗಳ ಅಗೆದು ನೀರ್ಚೌಕ, ಅಂದರೆ ಮುಚ್ಚಿದ ದೊಡ್ಡ ಕೆರೆ, ಮಾಡಬೇಕೆಂದು ಊರವರು ಅರ್ಜಿ ಕೊಟ್ಟಿದ್ದರು. ನೀರು ಬೇಡವೆನ್ನಲು ನಾನು ಯಾರು? ಆದರೆ ಹಳೆಯ ಹತ್ತಿ ಮಾರುಕಟ್ಟೆಯ ಬಯಲು ಖಾಲಿ ಬಿದ್ದಿತ್ತು, ಹುಡುಗಿಯರಿಗೆ ಬೇರೆ ಅಂಗಳವಿರಲಿಲ್ಲ. ಆ ದಿನಗಳಲ್ಲಿ ನನಗೆ ಅನ್ನ ಸೇರುತ್ತಿರಲಿಲ್ಲ.

ಆಗ ಆಟದ ಕೋಣೆಯ ಕಬ್ಬಿಣದ ಕಪಾಟಿನಲ್ಲಿ, ತೂತುಬಿದ್ದ ವಾಲಿಬಾಲ್‌ಗಳ ಅಡಿಯಲ್ಲಿ, ನಿಮ್ಮ ನೋಟ್‌ಬುಕ್ ಸಿಕ್ಕಿತು.

ಪೆಟ್ಟಿಗೆ ತೆರೆದು ಓದುವ ಮೂರನೆಯವರಿಗಾಗಿ ನಿಮ್ಮ ಆಟವನ್ನು ನಿಮಗೇ ಹೇಳುತ್ತೇನೆ, ಬೇಸರಿಸಬೇಡಿ. ಅಂಗಳದ ನಡುವೆ ಎಂಟು ಚೌಕ, ಎಂಟು ಜನ ಸಾಲಾಗಿ ಕುಳಿತಿರುತ್ತಾರೆ, ಒಬ್ಬಳು ಈ ಕಡೆ ಮುಖ, ಪಕ್ಕದವಳು ಆ ಕಡೆ ಮುಖ. ಒಂಬತ್ತನೆಯವಳು ಎದುರಾಳಿಯನ್ನು ಅಟ್ಟುತ್ತಾಳೆ. ಅಟ್ಟುವವಳು ಸಾಲು ದಾಟುವಂತಿಲ್ಲ, ನಡುವೆ ಹಿಂದಿರುಗುವಂತಿಲ್ಲ. ತಪ್ಪಿಸಿಕೊಳ್ಳುವವಳು ಎಲ್ಲಿಗಾದರೂ ನುಗ್ಗಬಹುದು. ಆಕೆ ಸಾಲಿನ ಆಚೆಗೆ ಹಾರಿದರೆ, ಅಟ್ಟುವವಳು ಕುಳಿತವಳೊಬ್ಬಳ ಬೆನ್ನು ಮುಟ್ಟಿ 'ಖೋ' ಎನ್ನಬೇಕು, ಮುಟ್ಟಿಸಿಕೊಂಡವಳು ಎದ್ದು ಆಚೆ ಬದಿಯಲ್ಲಿ ಅಟ್ಟುತ್ತಾಳೆ. ಕಾಲು ಚುರುಕಿದ್ದ ತಂಡಗಳು ನಿಮ್ಮ ಕಾಲದಲ್ಲೂ ಒಬ್ಬಳೇ ಓಡಿ ಹಿಡಿಯುವುದನ್ನು ನೆಚ್ಚುತ್ತಿದ್ದವು. ನೀವು ಬರೆದದ್ದು ಬೇರೆ: ಅಟ್ಟುವವಳು ಮೊದಲೇ ಏನನ್ನೂ ನಿರ್ಧರಿಸಬಾರದು. ಎದುರಾಳಿಯ ಹಿಮ್ಮಡಿಯನ್ನೇ ನೋಡುತ್ತ ಓಡಬೇಕು. ಹಿಮ್ಮಡಿ ಸಾಲಿನ ಕಡೆ ತಿರುಗಿದರೆ ಖೋ ಕೊಡು, ತಿರುಗದಿದ್ದರೆ ನೀನೇ ಓಡು. ನಿರ್ಧಾರ ಎದುರಾಳಿಯದೇ ಆದ್ದರಿಂದ ಅದು ತಪ್ಪಾಗಲು ಸಾಧ್ಯವಿಲ್ಲ, ಅದಕ್ಕೆ ಎಪ್ಪತ್ತರ ಕಾಲೂ ಬೇಕಿಲ್ಲ. ಓದಿ ಕುಣಿದಾಡಿಬಿಟ್ಟೆ.

ನಮ್ಮ ಪ್ರಾಂಶುಪಾಲರು ಕುಣಿಯಲಿಲ್ಲ. ನಿಮ್ಮ ಕೊನೆಯ ಸಾಲಿನ ಮೇಲೆ ಬೆರಳಿಟ್ಟು, ಬರೆದವರೇ ಕೈಬಿಟ್ಟ ಆಟವನ್ನು ಮೂರು ಪಂದ್ಯ ಉಳಿದಿರುವಾಗ ಎತ್ತಿಕೊಳ್ಳುವುದು ಬುದ್ಧಿಯ ಮಾತಲ್ಲ ಎಂದರು. ಅವರ ಮಾತಿನಲ್ಲಿ ತಪ್ಪಿರಲಿಲ್ಲ. ನಾನು ಹಟ ಹಿಡಿದು ಮೊದಲ ಪಂದ್ಯ ಆಡಿಸಿದೆ, ನಿಮ್ಮಷ್ಟೇ ಹೀನಾಯವಾಗಿ ಸೋತೆ. ನಿಮ್ಮಂತೆಯೇ ನಾನೂ ಆ ಸಂಜೆ, 'ಇಪ್ಪತ್ತೊಂಬತ್ತು ಏಳುವುದು ತಡ' ಎಂದು ಬರೆದೆ.

ಮರುದಿನ ಫಕೀರವ್ವ, ಅಂಗಳ ಹೋಯಿತೆಂದೇ ತಿಳಿದು, ಆಟದ ಸಾಮಾನು ಕಟ್ಟಲು ಕಾಗದ ಬೇಕೆಂದು ನಿಮ್ಮ ನೋಟ್‌ಬುಕ್ಕಿನ ಹಿಂಬದಿಯ ಹಾಳೆ ಹರಿಯಹೋದಳು. ಹರಿಯಲಿಲ್ಲ. ನೋಟ್‌ಬುಕ್ ಎದೆಗವಚಿಕೊಂಡು ಓಡಿಬಂದಳು, ಅವಳ ಅಂಕೆಗೆ ಮೀರಿದ ಓಟ. ನಿಮ್ಮ ಕೊನೆಯ ಸಾಲಿನ ನಂತರ ಒಂಬತ್ತು ಖಾಲಿ ಹಾಳೆ, ಅದರಾಚೆ ಹಸಿರು ಶಾಯಿಯಲ್ಲಿ ಬೇರೆ ಕೈಯ ಬರಹ, ಹದಿನಾಲ್ಕು ಪುಟ. ನೀವು ಅದನ್ನು ನೋಡಿಯೇ ಇಲ್ಲವೆಂದು ನನಗೆ ಖಾತ್ರಿ. ಮೊದಲ ಪುಟದಲ್ಲಿ ಹೀಗಿದೆ:

"ಸರ್, ನೀವು ಓಡಾಕಿಗೆ ಹಿಂಬಡ ನೋಡು ಅಂದ್ರಿ. ಕುಂತಾಕಿಗೆ ಏನೂ ಹೇಳಲಿಲ್ಲ. ನನ್ನ ಬೆನ್ನು ಆ ಕಡೆ ಇರತೈತಿ, ನನಗ ಹಿಂಬಡ ಕಾಣಂಗಿಲ್ರಿ. ಬಾಜೂದಾಕಿಗೆ ಕಾಣತೈತಿ. ಆಕಿ ನನ್ನ ಹೆಸರು ಹಿಡದು ಕರದ್ರ ನಾ ತಯಾರಾಗಿ ಕುಂತಿರತೀನಿ. ನಾ ತಡ ಅಲ್ರಿ ಸರ್, ನನಗ ಯಾರೂ ಕರೀಲಿಲ್ಲ."

ಕೆಳಗೆ ಸಹಿ: 'ಆರನೆಯ ಚೌಕ, ಮೆಹರುನ್ನಿಸಾ ನದಾಫ.'

ನಾನು ನಿಮ್ಮ ಪುಟಗಳನ್ನು ಮತ್ತೆ ಮೊದಲಿನಿಂದ ತಿರುವಿದೆ. ಎಂಬತ್ತೆರಡು ಪುಟಗಳಲ್ಲಿ ಒಬ್ಬ ಹುಡುಗಿಯ ಹೆಸರೂ ಇಲ್ಲ. ಒಂದನೆಯವಳು, ನಾಲ್ಕನೆಯವಳು, ಆರನೆಯವಳು. ನಿಮ್ಮನ್ನು ದೂರುವ ಯೋಗ್ಯತೆ ನನಗಿರಲಿಲ್ಲ, ನನ್ನ ಪುಸ್ತಕದಲ್ಲೂ ಬರೀ ಅಂಕೆಗಳೇ. ಹಸಿರು ಶಾಯಿಯ ಹದಿನಾಲ್ಕು ಪುಟಗಳಲ್ಲಿ ಮಾತ್ರ ಎಲ್ಲರ ಹೆಸರಿದೆ, ಯಾರ ಪಕ್ಕ ಯಾರು ಕುಳಿತರೆ ಯಾರ ದನಿ ಯಾರಿಗೆ ಚೆನ್ನಾಗಿ ಕೇಳುತ್ತದೆ ಎಂಬುದೂ ಇದೆ.

ಅಂದಿನಿಂದ ಅಂಗಳದಲ್ಲಿ ಅಂಕೆ ನಿಷಿದ್ಧವಾಯಿತು. ಮೊದಮೊದಲು ನಾಲಿಗೆ ಹೊರಳಲಿಲ್ಲ, ಮೂರು ವರ್ಷ ಜೊತೆಗಿದ್ದ ಇಬ್ಬರಿಗೆ ಪರಸ್ಪರರ ಹೆಸರೇ ಗೊತ್ತಿರಲಿಲ್ಲ. ಎರಡನೆಯ ಪಂದ್ಯದ ಹೊತ್ತಿಗೆ ಕರೆಯುವುದು ಬಂದಿತ್ತು, ಕಿವಿಗೊಡುವುದು ಬಂದಿರಲಿಲ್ಲ. ಸೋತೆವು, ಎರಡೇ ಅಂಕದಿಂದ. ಮೂರನೆಯದು ನಮ್ಮದೇ ಅಂಗಳದಲ್ಲಿ, ಕರಾವಳಿಯ ಒಂದು ತಂಪುಮನೆಯ ತಂಡದೊಡನೆ. ಕೊನೆಯ ಸರದಿಯಲ್ಲಿ ಅಂಕ ಸಮ, ಉಳಿದದ್ದು ಹದಿನೈದು ಸೆಕೆಂಡು. ಎದುರಾಳಿ ಎಂಬತ್ತೊಂದರ ಹುಡುಗಿ, ನೋಡಿದರೆ ದೃಷ್ಟಿ ತಾಗುವಂಥ ಓಟ. ಅವಳ ಹಿಮ್ಮಡಿ ಸಾಲಿನ ಕಡೆ ಒಂದಿಷ್ಟು ತಿರುಗಿತು. ಐದನೆಯ ಚೌಕದಿಂದ ಮೆಲ್ಲಗೆ ಒಂದು ದನಿ ಬಂತು, "ಫಕೀರೂ." ಅದರ ಬೆನ್ನಿಗೇ ಖೋ ಬಿತ್ತು. ಎಂಬತ್ತೊಂದರವಳು ಆಚೆ ಬದಿಗೆ ಹಾರುವ ಹೊತ್ತಿಗೆ ನಮ್ಮ ತರಕಾರಿ ಗಾಡಿ ಎದ್ದು ಅವಳ ದಾರಿಯಲ್ಲೇ ನಿಂತಿತ್ತು. ಓಡುವ ಅಗತ್ಯವೇ ಬೀಳಲಿಲ್ಲ, ಕೈ ಚಾಚಿ ಭುಜ ಮುಟ್ಟಿದಳು. ನಾನು ಅಳುವವಳಲ್ಲ. ಅಂದು ಪ್ರಾಂಶುಪಾಲರ ಹೆಗಲ ಮೇಲೆ ತಲೆಯಿಟ್ಟು ಅತ್ತೆ, ಅವರೂ ಬೇಡವೆನ್ನಲಿಲ್ಲ.

ಅಂಗಳ ಉಳಿಯಿತು. ನೀರ್ಚೌಕ ಹತ್ತಿ ಮಾರುಕಟ್ಟೆಯಲ್ಲಿ ಆಯಿತು, ನೀರೂ ಚೆನ್ನಾಗಿದೆ. ಆಮೇಲೆ ನಾವೇನೂ ಎಲ್ಲರನ್ನೂ ಸೋಲಿಸುತ್ತ ಹೋಗಲಿಲ್ಲ, ಈಗಲೂ ಹತ್ತರಲ್ಲಿ ನಾಲ್ಕು ಗೆದ್ದರೆ ಪಾಯಸ ಮಾಡುತ್ತೇವೆ. ಸೋಲುವ ತಂಡಗಳೆಲ್ಲ ಹಿಮ್ಮಡಿ ಆಟ ಆಡಬೇಕೆ ಎಂದು ಬೇರೆ ಕಾಲೇಜಿನವರು ಕೇಳಲು ಬರುತ್ತಾರೆ. ಪಕ್ಕದ ತಾಲ್ಲೂಕಿನವರು ನಮ್ಮನ್ನು ನೋಡಿ ಎತ್ತಿಕೊಂಡರು, ಆದರೆ ಪ್ರತಿ ಪಂದ್ಯಕ್ಕೂ ಹುಡುಗಿಯರನ್ನು ಬದಲಿಸುತ್ತ ಹೋದರು, ಮುಂಚಿಗಿಂತ ಕೆಟ್ಟದಾಗಿ ಸೋತರು. ನಾನು ಕೊಡುವ ಉತ್ತರ ಇಷ್ಟೇ: ಎರಡು ವರ್ಷ ಅದೇ ಒಂಬತ್ತು ಜನರನ್ನು ಇಟ್ಟುಕೊಳ್ಳುವ ತಾಳ್ಮೆಯಿದ್ದರೆ ಆಡಿ, ಇಲ್ಲದಿದ್ದರೆ ಓಡುತ್ತಲೇ ಇರಿ. ನಾಳೆಯಿಂದ ಆ ಉತ್ತರವನ್ನೂ ಫಕೀರವ್ವನೇ ಕೊಡಬೇಕು, ನನ್ನ ಜಾಗಕ್ಕೆ ಅವಳೇ ಬರುತ್ತಿದ್ದಾಳೆ.

ಇನ್ನು ನನ್ನ ಬೇಡಿಕೆ. ನಿಮ್ಮ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಕೆಂಪಕ್ಷರದಲ್ಲಿ, 'ಕಪಾಟಿಗೆ ಬೀಗ ಕಡ್ಡಾಯ, ಕೀಲಿ ನನ್ನ ಹತ್ತಿರ' ಎಂದಿದೆ. ಮೆಹರುನ್ನಿಸಾ ಒಳಗೆ ಕೈಹಾಕಿದ್ದಾಳೆಂದರೆ ನೀವು ಒಂದು ದಿನವಾದರೂ ಬೀಗ ಮರೆತಿದ್ದೀರಿ. ಅದು ಈ ಸಂಜೆಯೇ ಎಂದು ನನ್ನ ಊಹೆ. ಬೇಜಾರಿನಲ್ಲಿ ಎದ್ದು ಹೋಗುತ್ತಿದ್ದೀರಿ, ಬಾಗಿಲ ತನಕ ಹೋದ ಮೇಲೆ ಬೀಗ ನೆನಪಾದರೆ ದಯವಿಟ್ಟು ಹಿಂದಿರುಗಬೇಡಿ, ನಿಮ್ಮ ವಾಲಿಬಾಲ್‌ಗಳನ್ನು ಯಾರೂ ಕದಿಯುವುದಿಲ್ಲ. ಹಿಮ್ಮಡಿ ಆಟ ಬಿಡಬೇಡಿ ಎಂದು ನಾನು ಕೇಳುತ್ತಿಲ್ಲ, ಬಿಡುವುದಿದ್ದರೆ ಬಿಡಿ. ಅವಳು ಬರೆಯುತ್ತಾಳೆ, ನಾವು ಓದುತ್ತೇವೆ.

ಆದರೆ ನಾಳೆ ಬೆಳಗ್ಗೆ ಹುಡುಗಿಯರು ಬಂದು ಸಾಲಾಗಿ ಕುಳಿತಾಗ, ನಿಮಗೆ ಮನಸ್ಸಾದರೆ, ಆರನೆಯ ಚೌಕದ ಹಿಂದೆ ಹೋಗಿ ನಿಂತು ಒಮ್ಮೆ ಮೆಹರುನ್ನಿಸಾ ಎಂದು ಕರೆಯಿರಿ. ಎಷ್ಟು ಬೇಗ ಏಳುತ್ತಾಳೆ ನೋಡಿ.

ಇಂತಿ ನಿಮ್ಮ,
ದಾನಮ್ಮ